ಅಪ್ಪಣೆಯಿಲ್ಲದೆ ಮಾರಬಾರದ ಸರಕು

ತನ್ನ ನಾಡಿನ ಸರಕು ಪರದೇಶಗಳಲ್ಲಿ ಮಾರಾಟವಾಗುವುದೆಂದರೆ ಯಾವ ಸರಕಾರಕ್ಕಾದರೂ ಸಂತೋಷದ ವಿಷಯವೇ. ನಮ್ಮ ಕಡೆಯ ಕಾಳುಮೆಣಸು, ಗೇರುಬೀಜದ ತಿರುಳು ಮೊದಲಾದವು ಹಡಗು ಹತ್ತಿ ಹೋದಷ್ಟೂ ಲಾಭವೆಂಬುದನ್ನು ಮನೆಯ ಹಿರಿಯರ ಬಾಯಿಂದ ನಮ್ಮ ವಿದ್ಯಾರ್ಥಿಗಳು ಕೇಳಿಯೇ ಇರುವರು. ಹೀಗಿರುವಾಗ, ಕೊಳ್ಳುವವನು ಹಣ ಹಿಡಿದು ಬಾಗಿಲಲ್ಲಿ ನಿಂತಿರಲು, ಮಾರುವವನ ಸರಕಾರವೇ ಅಡ್ಡ ಬಂದು, ಅಪ್ಪಣೆಯಿಲ್ಲದೆ ಮಾರಕೂಡದು ಎಂದು ಕೈ ಹಿಡಿಯುವುದುಂಟೆ? ಉಂಟು. ವಿಮಾನದ ಎಂಜಿನು, ಕೆಲವು ಬಗೆಯ ನೌಕೆಗಳು, ಸಮುದ್ರದ ಆಳಕ್ಕೆ ಇಳಿಯುವ ವಾಹನಗಳು, ಇವುಗಳನ್ನು ತಯಾರಿಸತಕ್ಕ ಯಂತ್ರಗಳು ಮತ್ತು ನಕ್ಷೆಗಳು ಇಂತಹ ಸರಕುಗಳು. ಇವುಗಳ ಮೇಲಿನ ಕಟ್ಟುಪಾಡಿಗೆ ರಫ್ತು ನಿಯಂತ್ರಣವೆಂದು ಹೆಸರು. ಈ ಕಟ್ಟುಪಾಡು ನಿಜವಾಗಿ ಕಾಯುವುದು ಯಾವುದನ್ನು, ಅದು ಎಲ್ಲಿ ಸೋರುತ್ತದೆ ಎಂಬುದನ್ನು ನಡೆದ ಸಂಗತಿಗಳಿಂದಲೇ ತಿಳಿಯೋಣ.

ಎರಡನೆಯ ಮಹಾಯುದ್ಧವು ಮುಗಿದ ಕಾಲಕ್ಕೆ ಜೆಟ್ ಎಂಜಿನಿನ ವಿದ್ಯೆಯಲ್ಲಿ ಇಂಗ್ಲೆಂಡು ಎಲ್ಲರಿಗಿಂತ ಮುಂದಿತ್ತು. ರೋಲ್ಸ್-ರಾಯ್ಸ್ ಕಂಪನಿಯವರು ೧೯೪೪ರಲ್ಲಿ ಮೊದಲು ಓಡಿಸಿ ನೋಡಿದ 'ನೀನ್' ಎಂಬ ಎಂಜಿನು ಸುಮಾರು ೫,೦೦೦ ಪೌಂಡುಗಳ ನೂಕುಬಲವನ್ನು ಕೊಡುತ್ತಿತ್ತು. (ಆ ಕಂಪನಿಯವರು ತಮ್ಮ ಜೆಟ್ ಎಂಜಿನುಗಳಿಗೆ ನದಿಗಳ ಹೆಸರಿಡುವ ಪದ್ಧತಿ, 'ನೀನ್' ಎಂಬುದು ಅಲ್ಲಿನ ಒಂದು ನದಿ.) ಜೆಟ್ ಎಂಜಿನಿನ ಕೆಲಸವನ್ನು ಹೇಳುವುದು ಸುಲಭ, ಮಾಡಿಸುವುದು ಕಷ್ಟ. ಮುಂದಿನಿಂದ ಗಾಳಿಯನ್ನು ಎಳೆದುಕೊಂಡು, ಒತ್ತಿ, ಅದರಲ್ಲಿ ಎಣ್ಣೆಯನ್ನು ಉರಿಸಬೇಕು. ಉರಿಯಿಂದ ಉಬ್ಬಿದ ಅನಿಲವು ಹಿಂದಕ್ಕೆ ಧಾವಿಸುವಾಗ ಅದರ ದಾರಿಯಲ್ಲಿ ಒಂದು ಚಕ್ರವನ್ನು ಇಡುತ್ತಾರೆ. ಆ ಚಕ್ರದ ಅಲಗುಗಳಿಗೆ ಬಿಸಿ ಅನಿಲವು ಬಡಿದು ಚಕ್ರವು ತಿರುಗುತ್ತದೆ. ಅದೇ ಚಕ್ರವು ಮುಂದಿನ ಒತ್ತುಯಂತ್ರವನ್ನು ತಿರುಗಿಸುತ್ತದೆ. ಕಷ್ಟವಿರುವುದು ಆ ಅಲಗುಗಳಲ್ಲಿ. ಬೆಂಕಿಯಲ್ಲಿ ಕೆಂಪಗೆ ಕಾದು, ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ರಭಸಕ್ಕೆ ಹೊರಕ್ಕೆ ಸೆಳೆಯಲ್ಪಡುತ್ತ, ಅವು ಗಂಟೆಗಟ್ಟಲೆ ಬಾಳಬೇಕು. ಸಾಧಾರಣ ಉಕ್ಕಾದರೆ ಆ ಶಾಖದಲ್ಲಿ ನಿಧಾನವಾಗಿ ಎಳೆದುಕೊಂಡು ಉದ್ದವಾಗಿ ಮುರಿಯುವುದು. ಅದಕ್ಕಾಗಿ ಇಂಗ್ಲಿಷರು 'ನಿಮೋನಿಕ್' ಎಂಬ ನಿಕ್ಕಲ್ ಮಿಶ್ರಲೋಹವನ್ನು ಸಿದ್ಧಪಡಿಸಿದ್ದರು.

೧೯೪೬ರಲ್ಲಿ ಸೋವಿಯತ್ ರಶಿಯಾ ಈ ಎಂಜಿನುಗಳನ್ನು ಕೊಳ್ಳಲು ಅಪೇಕ್ಷಿಸಿತು. ಯುದ್ಧದಿಂದ ಇಂಗ್ಲೆಂಡಿನ ಬೊಕ್ಕಸ ಬರಿದಾಗಿತ್ತು, ವ್ಯಾಪಾರ ಬೆಳೆಯಬೇಕಾಗಿತ್ತು, ನಿನ್ನೆಯವರೆಗೆ ರಶಿಯಾ ಒಂದೇ ಪಕ್ಷದಲ್ಲಿ ನಿಂತು ಹೋರಾಡಿದ ಮಿತ್ರರಾಷ್ಟ್ರ. ವಾಣಿಜ್ಯದ ಹೊಣೆ ಹೊತ್ತಿದ್ದ ಮಂತ್ರಿ ಸ್ಟ್ಯಾಫರ್ಡ್ ಕ್ರಿಪ್ಸ್. ೧೯೪೨ರಲ್ಲಿ ನಮ್ಮ ದೇಶಕ್ಕೆ ರಾಜಿಯ ಸೂಚನೆಗಳನ್ನು ಹೊತ್ತು ಬಂದು, ಬರಿಗೈಯಲ್ಲಿ ಹಿಂದಿರುಗಿದ ಕ್ರಿಪ್ಸರೇ ಇವರು. ಅಟ್ಲೀಯವರ ಸರಕಾರವು ಒಪ್ಪಿಗೆ ಕೊಟ್ಟಿತು. 'ನೀನ್' ಮತ್ತು 'ಡರ್ವೆಂಟ್' ಎಂಬ ಎರಡು ಬಗೆಯ ಎಂಜಿನುಗಳು ಹತ್ತಾರು ಸಂಖ್ಯೆಯಲ್ಲಿ ರಶಿಯಾಕ್ಕೆ ಹೋದವು. ಕೊಳ್ಳಲು ಬಂದ ನಿಯೋಗದಲ್ಲಿ ವಿಮಾನದ ವಿನ್ಯಾಸಕ ಮಿಕೊಯಾನ್, ಎಂಜಿನುಗಳ ವಿನ್ಯಾಸಕ ಕ್ಲಿಮೋವ್ ಮತ್ತು ಲೋಹಶಾಸ್ತ್ರಜ್ಞ ಕಿಶ್ಕಿನ್ ಇದ್ದರು. ಕಾರ್ಖಾನೆಯನ್ನು ನೋಡುವ ನೆಪದಲ್ಲಿ ಮೆತ್ತನೆಯ ಅಟ್ಟೆಯ ಬೂಟು ಧರಿಸಿ ಬಂದು, ನೆಲದ ಮೇಲಿದ್ದ ಲೋಹದ ತುಣುಕುಗಳನ್ನು ಅಂಗಾಲಿಗೆ ಅಂಟಿಸಿಕೊಂಡು ಹೋದರೆಂಬ ಕಥೆಯೊಂದು ಪ್ರಚಾರದಲ್ಲಿದೆ. ಕಥೆ ನಿಜವಿರಲಿ, ಬಿಡಲಿ. ಅವರಿಗೆ ಬೇಕಾಗಿದ್ದುದು ಏನೆಂಬುದನ್ನು ಅದು ಸರಿಯಾಗಿಯೇ ಹೇಳುತ್ತದೆ. ಎಂಜಿನನ್ನು ಬಿಚ್ಚಿ ಅಳೆಯಬಹುದು. ಅಲಗಿನ ಲೋಹ ಬೆಂದ ಬಗೆಯನ್ನು ಅಳತೆಗೋಲು ಹೇಳಲಾರದು.

ಆದರೂ ರಶಿಯದ ಎಂಜಿನಿಯರರು ಬೇಗನೆ ಕಲಿತರು. ಕ್ಲಿಮೋವರು 'ನೀನ್' ಎಂಜಿನಿನ ಪ್ರತಿಯನ್ನು ತಯಾರಿಸಿದರು. ಬಳಿಕ ಅದನ್ನು ಸುಧಾರಿಸಿ ಇನ್ನೂ ಬಲಶಾಲಿಯಾಗಿ ಮಾಡಿದರು. ೧೯೪೭ರ ದಶಂಬರ ೩೦ರಂದು ಮಿಗ್-೧೫ ವಿಮಾನವು ಮೊದಲ ಬಾರಿ ಆಕಾಶಕ್ಕೇರಿತು. ಕೊರಿಯದ ಯುದ್ಧದಲ್ಲಿ, ೧೯೫೦ರ ನವಂಬರದಲ್ಲಿ, ಅದು ಹಠಾತ್ತನೆ ಕಾಣಿಸಿಕೊಂಡಾಗ ಅಮೇರಿಕದ ವಾಯುದಳಕ್ಕೆ ಆಶ್ಚರ್ಯವೂ ಆತಂಕವೂ ಉಂಟಾದವು. ವಿಧಿಯ ವಿನೋದವನ್ನು ನೋಡಿರಿ: ಅದೇ ತಿಂಗಳಲ್ಲಿ ಮಿಗ್ ವಿಮಾನವನ್ನು ಎದುರಿಸಿದ ಅಮೇರಿಕದ ನೌಕಾದಳದ 'ಪ್ಯಾಂಥರ್' ವಿಮಾನದಲ್ಲಿ ಇದ್ದುದೂ, ಪರವಾನಗಿ ಪಡೆದು ಅಮೇರಿಕದಲ್ಲಿ ತಯಾರಿಸಿದ 'ನೀನ್' ಎಂಜಿನೇ. ಒಂದೇ ತಾಯಿಯ ಎರಡು ಮಕ್ಕಳು ಕೊರಿಯದ ಆಕಾಶದಲ್ಲಿ ಒಂದನ್ನೊಂದು ಸುಡಲು ಹೊರಟಂತಾಯಿತು. ನಮ್ಮ ವಾಯುದಳಕ್ಕೆ ೧೯೫೩ರಲ್ಲಿ ಫ್ರಾನ್ಸಿನಿಂದ ಬಂದ, ನಾವು 'ತೂಫಾನಿ' ಎಂದು ಕರೆದ ವಿಮಾನಗಳಲ್ಲಿಯೂ ಇದ್ದುದು 'ನೀನ್' ಎಂಜಿನೇ.

ಇಂತಹ ಅನುಭವಗಳ ನಡುವೆಯೇ ಅಮೇರಿಕ ಮತ್ತು ಅದರ ಮಿತ್ರರು ೧೯೪೯ರಲ್ಲಿ ಒಂದು ಸಮಿತಿಯನ್ನು ಮಾಡಿಕೊಂಡರು. 'ಕೋಕಾಮ್' ಎಂದು ಅದನ್ನು ಕರೆಯುತ್ತಿದ್ದರು. ಅದು ಪ್ಯಾರಿಸ್ಸಿನಲ್ಲಿ ಸೇರಿ, ಕಮ್ಯುನಿಸ್ಟ್ ರಾಷ್ಟ್ರಗಳಿಗೆ ಏನನ್ನು ಮಾರಬಾರದು ಎಂಬ ಪಟ್ಟಿಯನ್ನು ಮಾಡುತ್ತಿತ್ತು. ಮುಂದೆ ಜಪಾನೂ ಅದರಲ್ಲಿ ಸೇರಿತು. ಯುದ್ಧಸಾಮಗ್ರಿಗಳು ಮಾತ್ರವಲ್ಲದೆ, ಶಾಂತಿಯ ಕೆಲಸಕ್ಕೂ ಯುದ್ಧದ ಕೆಲಸಕ್ಕೂ ಒದಗುವ ಎರಡಲಗಿನ ಸರಕುಗಳೂ ಆ ಪಟ್ಟಿಯಲ್ಲಿದ್ದವು. ಪಟ್ಟಿ ಮಾಡುವುದು ಸುಲಭ. ಅದನ್ನು ಕಾಯುವುದು ಎಷ್ಟು ಕಷ್ಟವೆಂಬುದು ಮೂವತ್ತು ವರುಷಗಳ ಮೇಲೆ ಜಪಾನಿನಲ್ಲಿ ನಡೆದ ಒಂದು ಪ್ರಕರಣದಿಂದ ಲೋಕಕ್ಕೆ ತಿಳಿಯಿತು.

ಆ ಪ್ರಕರಣವನ್ನು ಹೇಳುವ ಮೊದಲು ನೀರಿನೊಳಗಿನ ಒಂದು ಸಂಗತಿಯನ್ನು ತಿಳಿಯಬೇಕು. ದುರಸ್ತಿಗಾಗಿ ದಡಕ್ಕೆ ಎಳೆದಿಟ್ಟ ಮೀನುಗಾರಿಕೆಯ ಯಾಂತ್ರಿಕ ದೋಣಿಯ ಹಿಂಭಾಗವನ್ನು ಕರಾವಳಿಯ ಮಕ್ಕಳು ನೋಡಿರಬಹುದು. ಅಲ್ಲಿ ಹಿತ್ತಾಳೆಯ ಬಣ್ಣದ, ಓರೆಯಾದ ಮೂರು ನಾಲ್ಕು ಅಲಗುಗಳ ಪ್ರೊಪೆಲ್ಲರು ಇರುತ್ತದೆ. ಅದು ನೀರನ್ನು ಹಿಂದಕ್ಕೆ ತಳ್ಳಿ ದೋಣಿಯನ್ನು ಮುಂದಕ್ಕೆ ಒಯ್ಯುತ್ತದೆ. ಅಲಗು ಬಹಳ ವೇಗವಾಗಿ ತಿರುಗಿದಾಗ ಅದರ ಒಂದು ಮೈಯಲ್ಲಿ ನೀರಿನ ಒತ್ತಡವು ತೀರ ಕುಗ್ಗಿ, ನೀರು ಕಾಯದೆಯೇ ಆವಿಯಾಗಿ ಗುಳ್ಳೆಗಳೇಳುತ್ತವೆ. ಆ ಗುಳ್ಳೆಗಳು ಮರುಕ್ಷಣವೇ ಒಡೆಯುತ್ತವೆ. ಒಂದೊಂದು ಒಡೆತವೂ ಒಂದೊಂದು ಸಣ್ಣ ಸುತ್ತಿಗೆಯ ಪೆಟ್ಟು; ಅದರಿಂದ ಅಲಗಿನ ಮೈ ಸವೆದು ಗುಳಿ ಬೀಳುವುದುಂಟು, ಸದ್ದಂತೂ ದೂರ ದೂರಕ್ಕೆ ಹರಡುತ್ತದೆ. ಮೀನು ಹಿಡಿಯುವವನಿಗೆ ಆ ಸದ್ದಿನಿಂದ ಹೆಚ್ಚಿನ ಕೇಡಿಲ್ಲ. ಆದರೆ ಜಲಾಂತರ್ಗಾಮಿ ನೌಕೆಗೆ ಸದ್ದೇ ಮೃತ್ಯು. ನೀರಿನೊಳಗೆ ಬೆಳಕು ಬಹುದೂರ ಸಾಗದು, ಶಬ್ದ ಸಾಗುತ್ತದೆ. ಆದುದರಿಂದ ಶತ್ರುವಿನ ಜಲಾಂತರ್ಗಾಮಿಯನ್ನು ಕಣ್ಣಿನಿಂದಲ್ಲ, ಕಿವಿಯಿಂದ ಹುಡುಕುತ್ತಾರೆ. ಅಮೇರಿಕದವರು ಸಮುದ್ರದ ತಳದಲ್ಲಿಯೇ ಶಬ್ದಗ್ರಾಹಕಗಳ ಸಾಲನ್ನು ಹಾಸಿಟ್ಟಿದ್ದರು. ರಶಿಯದ ಜಲಾಂತರ್ಗಾಮಿಗಳು ಗದ್ದಲದವು. ಆದುದರಿಂದ ಅವುಗಳ ಜಾಡು ಸಿಗುತ್ತಿತ್ತು.

ಸದ್ದನ್ನು ಅಡಗಿಸುವ ಉಪಾಯಗಳಲ್ಲಿ ಒಂದೆಂದರೆ, ಪ್ರೊಪೆಲ್ಲರಿನ ಅಲಗುಗಳನ್ನು ದೊಡ್ಡದಾಗಿ, ವಿಶಿಷ್ಟವಾದ ಬಾಗುಗಳೊಡನೆ, ಮೈಯೆಲ್ಲ ಒಂದೇ ನಯವಾಗಿ ಕೆತ್ತುವುದು. ಒಂದು ಅಲಗಿನ ಬಾಗು ಬುಡದಿಂದ ತುದಿಯವರೆಗೆ ಕ್ಷಣಕ್ಷಣಕ್ಕೂ ಬೇರೆಯಾಗುತ್ತ ಹೋಗುತ್ತದೆ. ಕೈಯಿಂದ ಉಜ್ಜಿ ಸರಿಪಡಿಸಿದರೆ ಒಂದು ಅಲಗಿನಂತೆ ಇನ್ನೊಂದು ಆಗಲಾರದು. ಅದಕ್ಕೆ ಏಕಕಾಲದಲ್ಲಿ ಅನೇಕ ದಿಕ್ಕುಗಳಲ್ಲಿ ಹೊರಳಬಲ್ಲ ಕತ್ತರಿಸುವ ಉಳಿಯುಳ್ಳ, ಕಂಪ್ಯೂಟರಿನ ಅಂಕೆಯಲ್ಲಿ ನಡೆಯುವ ಮಹಾಯಂತ್ರವು ಬೇಕು. ಜಪಾನಿನ ತೋಶಿಬಾ ಮೆಷಿನ್ ಕಂಪನಿಯವರು ಇಂತಹ ಒಂಬತ್ತು ದಿಕ್ಕುಗಳ ಯಂತ್ರವನ್ನು ತಯಾರಿಸುತ್ತಿದ್ದರು. ಅದು ಬಹುಮಹಡಿಯ ಮನೆಯಷ್ಟು ಎತ್ತರದ ಯಂತ್ರ.

೧೯೮೧ರಲ್ಲಿ ಸೋವಿಯತ್ ಸರಕಾರದ ವ್ಯಾಪಾರ ಸಂಸ್ಥೆಯು ಇಂತಹ ನಾಲ್ಕು ಯಂತ್ರಗಳಿಗಾಗಿ ಒಪ್ಪಂದ ಮಾಡಿಕೊಂಡಿತು. ಬೆಲೆ ಸುಮಾರು ೧ ಕೋಟಿ ೭೦ ಲಕ್ಷ ಡಾಲರು. ಯಂತ್ರವನ್ನು ನಡೆಸತಕ್ಕ ಕಂಪ್ಯೂಟರಿನ ಭಾಗವು ನಾರ್ವೆ ದೇಶದ ಕೋಂಗ್ಸ್‌ಬರ್ಗ್ ಎಂಬ ಸಂಸ್ಥೆಯದು. ಕೋಕಾಮ್ ಪಟ್ಟಿಯ ಪ್ರಕಾರ ಈ ಯಂತ್ರವನ್ನು ರಶಿಯಾಕ್ಕೆ ಮಾರುವಂತಿರಲಿಲ್ಲ. ಆದರೆ ಎರಡೇ ದಿಕ್ಕುಗಳಲ್ಲಿ ಕತ್ತರಿಸುವ ಸರಳ ಯಂತ್ರವನ್ನು ಮಾರಬಹುದಿತ್ತು. ಹೀಗಾಗಿ ರಫ್ತಿನ ಅರ್ಜಿಯಲ್ಲಿ ಒಂಬತ್ತರ ಜಾಗದಲ್ಲಿ ಎರಡು ಎಂದು ಬರೆದು, ಬೇರೊಂದು ಸರಳ ಯಂತ್ರದ ಹೆಸರನ್ನು ಹಾಕಿದರು. ಸರಕಾರದ ಕಚೇರಿಯು ಕಾಗದವನ್ನು ನೋಡಿ ಅಪ್ಪಣೆ ಕೊಟ್ಟಿತು. ಯಂತ್ರಗಳು ೧೯೮೨ ಮತ್ತು ೧೯೮೩ರಲ್ಲಿ ಹಡಗೇರಿ ಲೆನಿನ್‌ಗ್ರಾಡಿನ ಬಾಲ್ಟಿಕ್ ಹಡಗುಕಟ್ಟೆಗೆ ಹೋಗಿ ನಿಂತವು. ಮನೆಯಷ್ಟು ಎತ್ತರದ ಯಂತ್ರವೊಂದು ರೇವಿನಲ್ಲಿ ಎಲ್ಲರ ಕಣ್ಣೆದುರಿಗೇ ದಾಟಿಹೋಯಿತು. ಅದನ್ನು ಮರೆಮಾಡಿದುದು ಒಂದು ಸುಳ್ಳು ಸಾಲು.

ಈ ಗುಟ್ಟನ್ನು ಹೊರಗೆಡಹಿದವನು ಗೂಢಚಾರನಲ್ಲ. ವ್ಯಾಪಾರದಲ್ಲಿ ನಡುವೆ ನಿಂತಿದ್ದ ವಾಕೋ ಕೋಎಕಿ ಎಂಬ ಸಣ್ಣ ಕಂಪನಿಯಲ್ಲಿ ಕೆಲಸ ಮಾಡಿ, ಮಾಸ್ಕೋದಲ್ಲಿ ಇದ್ದು, ಬಳಿಕ ಆ ಕೆಲಸವನ್ನು ಬಿಟ್ಟಿದ್ದ ಕುಮಾಗಾಯಿ ಎಂಬವರು, ೧೯೮೫ರ ಕೊನೆಯಲ್ಲಿ ಪ್ಯಾರಿಸ್ಸಿನ ಕೋಕಾಮ್ ಸಮಿತಿಗೆ ಒಂದು ಪತ್ರ ಬರೆದರು. ಜಪಾನಿನ ಅಧಿಕಾರಿಗಳು ಕಂಪನಿಯನ್ನು ವಿಚಾರಿಸಿದರು, ಅಂತಹದೇನೂ ನಡೆದಿಲ್ಲವೆಂದು ಕಂಪನಿ ಹೇಳಿತು, ಅಧಿಕಾರಿಗಳು ನಂಬಿದರು. ಸಂಗತಿಯು ಅಲ್ಲಿಗೇ ಮುಗಿಯಬಹುದಾಗಿತ್ತು. ಅಮೇರಿಕ ಮತ್ತೆ ಮತ್ತೆ ಕೇಳಿದುದರಿಂದ, ನಾರ್ವೆಯಲ್ಲಿಯೂ ಜಪಾನಿನಲ್ಲಿಯೂ ಪೊಲೀಸರ ತನಿಖೆ ನಡೆದು, ೧೯೮೭ರಲ್ಲಿ ಎಲ್ಲವೂ ಬಯಲಿಗೆ ಬಂತು.

ಆಗ ಎದ್ದ ಕೋಲಾಹಲವು ಸಾಮಾನ್ಯವಾದುದಲ್ಲ. ಅಮೇರಿಕದ ಶಾಸನಸಭೆಯ ಕೆಲವು ಸದಸ್ಯರು ತಮ್ಮ ಸಭಾಭವನದ ಹುಲ್ಲುಹಾಸಿನ ಮೇಲೆ ತೋಶಿಬಾ ಕಂಪನಿಯ ರೇಡಿಯೋವನ್ನಿಟ್ಟು ದೊಡ್ಡ ಸುತ್ತಿಗೆಗಳಿಂದ ಜಜ್ಜಿದರು; ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಮೂಲಸಂಸ್ಥೆಯಾದ ತೋಶಿಬಾದ ಅಧ್ಯಕ್ಷರೂ ಅವರ ಮೇಲಿನ ಮಂಡಲಿಯ ಮುಖ್ಯರೂ ರಾಜೀನಾಮೆ ಕೊಟ್ಟರು. ಅವರಿಗೆ ಈ ಮಾರಾಟದ ಸುಳಿವಿತ್ತೆಂದು ಯಾರೂ ಸಾಬೀತುಪಡಿಸಿರಲಿಲ್ಲ. ಆದರೂ ಮಗನ ತಪ್ಪಿಗೆ ತಂದೆ ತಲೆಬಾಗಿದಂತೆ ಅವರು ನಡೆದುಕೊಂಡರು; ಅಮೇರಿಕದ ಪತ್ರಿಕೆಗಳಲ್ಲಿ ಪೂರ್ಣ ಪುಟದ ಕ್ಷಮಾಯಾಚನೆಯನ್ನೂ ಅಚ್ಚು ಹಾಕಿಸಿದರು. ಇನ್ನು ನ್ಯಾಯಾಲಯದ ಕಥೆ. ಜಪಾನಿನ ಕಾಯಿದೆಯಂತೆ ಇಂತಹ ಅಪರಾಧಕ್ಕೆ ಮೂರು ವರುಷಗಳೊಳಗೆ ದಾವೆ ಹೂಡಬೇಕಿತ್ತು; ಯಂತ್ರಗಳ ಮಾರಾಟಕ್ಕೆ ಆ ಅವಧಿ ಮೀರಿಹೋಗಿತ್ತು. ಆಮೇಲೆ ಕಳುಹಿಸಿದ ಬಿಡಿಭಾಗ ಮುಂತಾದವುಗಳ ಮೇಲೆ ಮಾತ್ರ ಮೊಕದ್ದಮೆ ನಡೆಯಿತು. ೧೯೮೮ರಲ್ಲಿ ಕಂಪನಿಗೆ ೨೦ ಲಕ್ಷ ಯೆನ್ ದಂಡವಾಯಿತು. ಇಬ್ಬರು ಅಧಿಕಾರಿಗಳಿಗೆ ಸೆರೆವಾಸವನ್ನು ವಿಧಿಸಿ, ಅದನ್ನು ಜಾರಿಗೊಳಿಸದೆ ಅಮಾನತಿನಲ್ಲಿಟ್ಟರು. ವ್ಯಾಪಾರದ ಮೊತ್ತಕ್ಕೆ ಹೋಲಿಸಿದರೆ ಆ ದಂಡ ಆನೆಯ ಮೈಗೆ ಸೊಳ್ಳೆ ಕಚ್ಚಿದಷ್ಟೇ. ನಿಜವಾದ ಪೆಟ್ಟು ಬಿದ್ದುದು ಅಮೇರಿಕದ ಮಾರುಕಟ್ಟೆಯಲ್ಲಿ: ತೋಶಿಬಾ ಮೆಷಿನ್ ಮತ್ತು ಕೋಂಗ್ಸ್‌ಬರ್ಗ್ ಸರಕುಗಳಿಗೆ ಮೂರು ವರುಷಗಳ ಬಹಿಷ್ಕಾರ. ಜಪಾನು ತನ್ನ ಕಾಯಿದೆಯನ್ನು ಆ ಮೇಲೆ ಬಿಗಿಮಾಡಿತು.

ಈ ಯಂತ್ರಗಳಿಂದಲೇ ರಶಿಯದ ಜಲಾಂತರ್ಗಾಮಿಗಳು ಮೌನವಾದುವೆ? ಹಾಗೆಂದು ಆ ದಿನಗಳಲ್ಲಿ ಅನೇಕರು ಗರ್ಜಿಸಿದರು. ನನಗೆ ಹಾಗೆ ಕಾಣುವುದಿಲ್ಲ. ಅಮೇರಿಕದ ನೌಕಾದಳದಲ್ಲಿದ್ದ ವಾಕರ್ ಎಂಬಾತನು ವರುಷಗಟ್ಟಲೆ ರಶಿಯಾಕ್ಕೆ ರಹಸ್ಯಗಳನ್ನು ಮಾರುತ್ತಿದ್ದು ೧೯೮೫ರಲ್ಲಿ ಸೆರೆಸಿಕ್ಕಿದನು. ತಮ್ಮ ನೌಕೆಗಳು ಎಷ್ಟು ಗದ್ದಲದವು ಎಂಬ ಅರಿವು ರಶಿಯದವರಿಗೆ ಅವನಂಥವರಿಂದ ಮೊದಲೇ ಆಗಿತ್ತು. ಜಪಾನಿನ ಯಂತ್ರ ಬರುವುದಕ್ಕೆ ಮುಂಚೆಯೇ ಅವರ ಹೊಸ ನೌಕೆಗಳು ಮೆತ್ತಗಾಗತೊಡಗಿದ್ದವು. ನಾರ್ವೆಯ ಪೊಲೀಸರ ತನಿಖೆಯಂತೂ, ಯುರೋಪಿನ ಬೇರೆ ಕಂಪನಿಗಳೂ ಅದಕ್ಕಿಂತ ಹಿಂದೆಯೇ ಇಂತಹ ಯಂತ್ರಗಳನ್ನು ಕಳುಹಿಸಿದ್ದುದನ್ನು ಹೊರಗೆ ತಂದಿತು. ಬಯಲಾದವನು ಕಳ್ಳ, ಬಯಲಾಗದವನು ಸಾಹುಕಾರ ಎಂಬ ಮಾತು ಇಲ್ಲಿಯೂ ಸಲ್ಲುತ್ತದೆ. ಹಾಗೆಂದು ಅರ್ಜಿಯಲ್ಲಿ ಬರೆದ ಸುಳ್ಳು ಸಣ್ಣದಾಗುವುದಿಲ್ಲ. ಗಡಿಯ ಅಧಿಕಾರಿಯು ಪ್ರತಿಯೊಂದು ಯಂತ್ರವನ್ನೂ ಬಿಚ್ಚಿ ನೋಡಲಾರನು. ತಯಾರಿಸಿದವನು ಬರೆದುದನ್ನೇ ಅವನು ನಂಬಬೇಕು. ಈ ವ್ಯವಸ್ಥೆಯೆಲ್ಲ ನಿಂತಿರುವುದು ಆ ನಂಬಿಕೆಯ ಮೇಲೆ.

ಇದುವರೆಗೆ ಮಾರುವವರ ಕಡೆಯ ಮಾತಾಯಿತು. ನಿರಾಕರಣೆಗೆ ಗುರಿಯಾದವರ ಕಡೆಯಿಂದ ನೋಡಿದರೆ ಇದೇ ಬೇಲಿ ಬೇರೆಯಾಗಿ ಕಾಣುತ್ತದೆ. ಅದನ್ನು ಬೆಂಗಳೂರು ಚೆನ್ನಾಗಿ ಬಲ್ಲದು. ನಮ್ಮ ಹಗುರ ಯುದ್ಧವಿಮಾನದ ಹಾರಾಟವನ್ನು ಅಂಕೆಯಲ್ಲಿಡುವ ಕಂಪ್ಯೂಟರ್ ವ್ಯವಸ್ಥೆಗಾಗಿ ಭಾರತದ ಎಂಜಿನಿಯರರ ತಂಡವೊಂದು ಅಮೇರಿಕದ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿತ್ತು. ೧೯೯೮ರ ಮೇ ತಿಂಗಳಲ್ಲಿ ಪೋಖರಣದಲ್ಲಿ ಅಣುಪರೀಕ್ಷೆ ನಡೆದೊಡನೆ ಅಮೇರಿಕವು ನಿರ್ಬಂಧ ವಿಧಿಸಿತು. ತಂಡವು ಕೆಲಸವನ್ನು ನಡುವೆಯೇ ಬಿಟ್ಟು ಹಿಂದಿರುಗಬೇಕಾಯಿತು. ನಮ್ಮ ನೌಕಾದಳದ 'ಸೀ ಕಿಂಗ್' ಹೆಲಿಕಾಪ್ಟರುಗಳಿಗೆ ಬಿಡಿಭಾಗಗಳ ಕೊರತೆಯುಂಟಾಯಿತು. ಆದರೆ ಕಲಿತವರ ತಲೆಯಲ್ಲಿದ್ದುದನ್ನು ಯಾರೂ ಜಪ್ತಿ ಮಾಡಲಾರರಷ್ಟೆ. ಉಳಿದ ಕೆಲಸವನ್ನು ಸ್ವದೇಶದಲ್ಲಿಯೇ ಪೂರೈಸಿ, ೨೦೦೧ರ ಜನವರಿ ೪ರಂದು ಬೆಂಗಳೂರಿನಲ್ಲಿ ಆ ವಿಮಾನವನ್ನು ಹಾರಿಸಿದರು. ಅದೇ 'ತೇಜಸ್'.

ಹಾರಿದುದು ಮಾತ್ರ ಅಮೇರಿಕದ ಎಂಜಿನಿನಿಂದ. ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆಯಲ್ಲಿ 'ಕಾವೇರಿ' ಎಂಬ ಎಂಜಿನಿನ ಯೋಜನೆ ೧೯೮೯ರಲ್ಲಿಯೇ ಮಂಜೂರಾಗಿತ್ತು. ನಾವೂ ನದಿಯ ಹೆಸರನ್ನೇ ಇಟ್ಟೆವು. ಆದರೆ ೨೦೦೮ರಲ್ಲಿ ಅದನ್ನು ತೇಜಸ್ಸಿನಿಂದ ಬೇರ್ಪಡಿಸಬೇಕಾಯಿತು. ಬೇಕಾದಷ್ಟು ನೂಕುಬಲ ಅದರಿಂದ ಒದಗಿರಲಿಲ್ಲ. ಕಂಪ್ಯೂಟರಿನ ಕ್ರಮವಿಧಿಯನ್ನು ಕೆಲವೇ ವರುಷಗಳಲ್ಲಿ ಬರೆದವರಿಗೆ ಎಂಜಿನು ಏಕೆ ಒಲಿಯಲಿಲ್ಲ? ಮತ್ತೆ ಅದೇ ಅಲಗಿನ ಬಳಿಗೆ ಬರಬೇಕು. ಸಾಧಾರಣ ಲೋಹವು ಸಣ್ಣ ಸಣ್ಣ ಹರಳುಗಳು ಒತ್ತಾಗಿ ಸೇರಿ ಆದುದು. ಅತಿ ಶಾಖದಲ್ಲಿ ಎಳೆತ ಬಿದ್ದಾಗ ಹರಳು ಹರಳುಗಳ ನಡುವಿನ ಸಂದುಗಳೇ ಮೊದಲು ಸಡಿಲವಾಗುತ್ತವೆ. ಸಂದೇ ಇಲ್ಲದಿದ್ದರೆ? ಪಾಕದಲ್ಲಿ ಇಳಿಬಿಟ್ಟ ನೂಲಿನ ಮೇಲೆ ಕಲ್ಲುಸಕ್ಕರೆಯ ಹರಳು ನಿಧಾನವಾಗಿ ಬೆಳೆಯುವುದಷ್ಟೆ. ಅದೇ ರೀತಿ ಕರಗಿದ ಲೋಹವನ್ನು ಅಚ್ಚಿನೊಳಗೆ ಒಂದು ಕೊನೆಯಿಂದ ಬಹು ನಿಧಾನವಾಗಿ ತಣಿಸುತ್ತ ಬಂದು, ಇಡೀ ಅಲಗೇ ಒಂದು ಹರಳಾಗುವಂತೆ ಬೆಳೆಸುತ್ತಾರೆ. ಅದರ ಹೊಟ್ಟೆಯಲ್ಲಿ ತಂಪು ಗಾಳಿ ಹರಿಯಲು ಕೂದಲಿನಂತಹ ನಾಳಗಳನ್ನೂ ಬಿಡುತ್ತಾರೆ. ಇಂತಹ ಅಲಗು ತಾನು ಕರಗತಕ್ಕ ಶಾಖಕ್ಕಿಂತ ಹೆಚ್ಚು ಶಾಖದ ಅನಿಲದಲ್ಲಿಯೂ ನಿಲ್ಲುತ್ತದೆ.

ಈ ಅಲಗೊಂದನ್ನು ಕೈಯಲ್ಲಿ ಹಿಡಿದು ಕೊಯ್ದು ನೋಡಿದರೆ ಯಾವ ಲೋಹ ಎಷ್ಟಿದೆ ಎಂದು ತಿಳಿಯಬಹುದು. ಎಷ್ಟು ನಿಧಾನವಾಗಿ ತಣಿಸಿದರು, ಅಚ್ಚಿನ ಮಣ್ಣು ಯಾವುದು, ಎಷ್ಟು ಅಲಗು ಕೆಟ್ಟ ಮೇಲೆ ಇದೊಂದು ಒದಗಿತು ಎಂಬುದು ಅದರಲ್ಲಿ ಬರೆದಿರುವುದಿಲ್ಲ. ಹಾಲಿನ ಹದ ಕಂಡ ತಾಯಿಗೆ ಮಾತ್ರ ಖೋವಾ ಒಲಿಯುವಂತೆ, ಇದು ಕೈಯಿಂದ ಕೈಗೆ ಬರುವ ವಿದ್ಯೆ. ಆದುದರಿಂದಲೇ ಎಂಜಿನನ್ನು ಮಾರಲು ಒಪ್ಪುವ ದೇಶಗಳೂ ಈ ವಿದ್ಯೆಯನ್ನು ಕೊಡಲು ಒಪ್ಪುವುದು ಅಪರೂಪ. ಹೈದರಾಬಾದಿನ ರಕ್ಷಣಾ ಲೋಹಶಾಸ್ತ್ರ ಸಂಶೋಧನಾಲಯದವರು ಇಂತಹ ಏಕಹರಳಿನ ೬೦ ಅಲಗುಗಳನ್ನು ತಯಾರಿಸಿ, ೨೦೨೧ರಲ್ಲಿ ಹೆಲಿಕಾಪ್ಟರ್ ಎಂಜಿನಿಗಾಗಿ ಹಿಂದುಸ್ತಾನ್ ಏರೋನಾಟಿಕ್ಸ್ ಸಂಸ್ಥೆಗೆ ಒಪ್ಪಿಸಿದರು. ೨೦೨೩ರ ಜೂನ್ ತಿಂಗಳಲ್ಲಿ ಅಮೇರಿಕದ ಜಿ.ಇ. ಕಂಪನಿಯು ತನ್ನ ಎಫ್-೪೧೪ ಎಂಜಿನನ್ನು ಭಾರತದಲ್ಲಿ ತಯಾರಿಸುವ ಬಗ್ಗೆ ಇದೇ ಸಂಸ್ಥೆಯೊಡನೆ ತಿಳಿವಳಿಕೆ ಪತ್ರಕ್ಕೆ ಸಹಿ ಮಾಡಿತು. ಆಗಲೂ, ಅಮೇರಿಕ ಸರಕಾರದ ರಫ್ತು ಅಪ್ಪಣೆ ದೊರೆಯಬೇಕೆಂಬ ಮಾತು ಅದರ ಜತೆಗೇ ಇತ್ತು.

ಕೋಕಾಮ್ ಸಮಿತಿಯು ೧೯೯೪ರಲ್ಲಿ ವಿಸರ್ಜನೆಯಾಯಿತು; ಯಾರ ವಿರುದ್ಧ ಅದನ್ನು ಕಟ್ಟಿದ್ದರೋ ಆ ಸೋವಿಯತ್ ಒಕ್ಕೂಟವೇ ಉಳಿದಿರಲಿಲ್ಲ. ೧೯೯೬ರಲ್ಲಿ 'ವಾಸೆನಾರ್ ವ್ಯವಸ್ಥೆ' ಎಂಬ ಹೊಸ ಏರ್ಪಾಡು ಕೆಲಸಕ್ಕೆ ತೊಡಗಿತು. ಇದರ ಕಚೇರಿ ವಿಯೆನ್ನಾದಲ್ಲಿದೆ. ರಶಿಯವೂ ಇದರಲ್ಲಿ ಸದಸ್ಯ. ೨೦೧೭ರ ದಶಂಬರದಲ್ಲಿ ಭಾರತವು ಇದರ ೪೨ನೆಯ ಸದಸ್ಯವಾಯಿತು. ಬೇಲಿಯ ಹೊರಗೆ ನಿಂತು ಬಾಗಿಲು ತಟ್ಟುತ್ತಿದ್ದವರು ಒಳಗೆ ಕುಳಿತು ಪಟ್ಟಿ ಮಾಡುವವರ ಸಾಲಿಗೆ ಸೇರಿದೆವು. ಇದರಲ್ಲಿ ಹೆಮ್ಮೆಪಡುವವರುಂಟು, ನಿನ್ನೆ ನಮಗೆ ಅನ್ಯಾಯವೆನಿಸಿದುದನ್ನು ಇಂದು ನಾವೇ ಪರರಿಗೆ ಮಾಡುವೆವಲ್ಲಾ ಎಂದು ಸಂಕೋಚಪಡುವವರೂ ಉಂಟು. ಎರಡು ಭಾವಗಳೂ ಸಹಜವೆಂದೇ ನಾನು ಎಣಿಸುತ್ತೇನೆ.

ಆ ಏರ್ಪಾಡಿನ ಪಟ್ಟಿಯಲ್ಲಿ ನೌಕೆ ಮತ್ತು ಸಮುದ್ರದ ವಿಷಯಕ್ಕೆ ಒಂದು ವಿಭಾಗ, ವಿಮಾನ ಮತ್ತು ಅದರ ಎಂಜಿನಿನ ವಿಷಯಕ್ಕೆ ಇನ್ನೊಂದು ವಿಭಾಗವಿದೆ. ಪಟ್ಟಿಯು ಬರಿಯ ಹೆಸರುಗಳನ್ನು ಹೇಳುವುದಿಲ್ಲ, ಅಳತೆಗಳನ್ನು ಹೇಳುತ್ತದೆ. ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು ಜನರನ್ನು ಒಯ್ಯುವ ವಾಹನವು ೧,೦೦೦ ಮೀಟರಿಗಿಂತ ಹೆಚ್ಚು ಆಳದಲ್ಲಿ ಕೆಲಸ ಮಾಡಬಲ್ಲುದಾದರೆ ಅದು ಪಟ್ಟಿಯಲ್ಲಿ ಸೇರುತ್ತದೆ. ಅಷ್ಟು ಆಳದಲ್ಲಿ ತೇಲಿಸುವುದಕ್ಕೆ ಬಳಸುವ, ಒತ್ತಡಕ್ಕೆ ಕುಗ್ಗದ ಹಗುರ ನೊರೆಗಲ್ಲಿನಂತಹ ಪದಾರ್ಥವೂ ಸೇರುತ್ತದೆ. ಚೆನ್ನೈಯಲ್ಲಿರುವ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ಮೂವರನ್ನು ೬,೦೦೦ ಮೀಟರು ಆಳಕ್ಕೆ ಒಯ್ಯಲೆಂದು 'ಮತ್ಸ್ಯ ೬೦೦೦' ಎಂಬ ವಾಹನವನ್ನು ರೂಪಿಸಿದರಷ್ಟೆ. ಅಲ್ಲಿನ ಒತ್ತಡ ನಮ್ಮ ನೆಲದ ಗಾಳಿಯ ಒತ್ತಡದ ಸುಮಾರು ಆರುನೂರು ಪಾಲು. ಅದನ್ನು ತಡೆಯತಕ್ಕ ಟೈಟೇನಿಯಂ ಗೋಲವನ್ನು ಬೆಸೆಯುವುದೂ, ಮೇಲೆ ಹೇಳಿದ ಅಲಗನ್ನು ಬೆಳೆಸುವುದೂ ಒಂದೇ ಜಾತಿಯ ವಿದ್ಯೆ. ಕಂಡು ಹೇಳಲು ಸುಲಭ, ಕೈಗೆ ಬರಲು ವರುಷಗಳು ಬೇಕು.

ನಮ್ಮ ದೇಶದಲ್ಲಿ ಇಂತಹ ಸರಕುಗಳ ಪಟ್ಟಿಗೆ 'ಸ್ಕೋಮೆಟ್' ಎಂದು ಹೆಸರು. ೧೯೯೨ರ ವಿದೇಶ ವ್ಯಾಪಾರ ಕಾಯಿದೆಯ ಮೇರೆಗೆ ದಿಲ್ಲಿಯ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವು ಅದನ್ನು ನೋಡಿಕೊಳ್ಳುತ್ತದೆ. ವಿಮಾನದ ಬಿಡಿಭಾಗಗಳನ್ನು ಕಡೆಯುವ ಸಣ್ಣ ಕಾರ್ಖಾನೆಗಳು ಬೆಂಗಳೂರು ಮತ್ತು ಬೆಳಗಾವಿಯಲ್ಲಿ ಎಷ್ಟೋ ಇವೆ. ನಮ್ಮ ಶಾಲೆಗಳಲ್ಲಿ ಕಲಿತ ಮಕ್ಕಳು ಮುಂದೆ ಇಂತಹ ಕಡೆ ಕೆಲಸಕ್ಕೆ ಸೇರುವುದು ಅಸಂಭವವಲ್ಲ. ಪೆಟ್ಟಿಗೆಯಲ್ಲಿ ತುಂಬಿ ಕಳುಹಿಸುವ ವಸ್ತುವಿಗೆ ಮಾತ್ರ ಅಪ್ಪಣೆ ಬೇಕೆಂದು ಯಾರೂ ತಿಳಿಯಬಾರದು. ಪಟ್ಟಿಯಲ್ಲಿರುವ ಭಾಗದ ನಕ್ಷೆಯನ್ನೋ ಅದನ್ನು ಕೆತ್ತುವ ಕಂಪ್ಯೂಟರ್ ಕ್ರಮವಿಧಿಯನ್ನೋ ಮಿಂಚಂಚೆಯಲ್ಲಿ ಪರದೇಶಕ್ಕೆ ಕಳುಹಿಸಿದರೂ ಅದು ರಫ್ತೇ. ಕೊಳ್ಳುವವನ ಹೆಸರಷ್ಟೇ ಸಾಲದು. ಕೊನೆಗೆ ಅದನ್ನು ಬಳಸುವವನು ಯಾರು, ಯಾವ ಕೆಲಸಕ್ಕೆ ಎಂಬುದನ್ನೂ ಅರ್ಜಿಯಲ್ಲಿ ಬರೆದು, ಬಳಸುವವನ ಸಹಿಯುಳ್ಳ ಪತ್ರವನ್ನು ಜತೆಗಿಡಬೇಕು. ತೋಶಿಬಾದವರು ಒಂಬತ್ತರ ಬದಲು ಎರಡೆಂದು ಬರೆದುದು ಇಂತಹದೇ ಒಂದು ಕಾಗದದಲ್ಲಿ.